ಓವರ್ ಆಯ್ತು, ಇರಲಿ ಬಿಡಿ

"ಅಮ್ಮ, ಇದು ತುಂಬಾ ಕ್ರಿಂಜ್," ಅಂದಳು ಮಗಳು.

ಸಿನಿಮಾ ಶುರುವಾಗಿ ಹತ್ತು ನಿಮಿಷ ಆಗಿತ್ತಷ್ಟೆ. 1914ರ ಈಜಿಪ್ಟು. ಹಿತ್ತಾಳೆ ಹಂಡೆಗೆ ಕೈಕಾಲು ಬಂದ ಹಾಗಿದ್ದ ಅನ್ಯಗ್ರಹದವರು ಓಲಾಡುತ್ತಾ ಒಂದು ಹಳೇ ದೇಗುಲದೊಳಗೆ ನಡೆಯುತ್ತಿದ್ದರು. ಮಗಳಿಗೆ ಹದಿನಾಲ್ಕು. "ನನಗೆ ತುಂಬಾ ಇಷ್ಟದ ಸಿನಿಮಾ, ಒಂದ್ಸಲ ನೋಡೇ" ಅಂತ ನಾನೇ ಅವಳ ಕೈಯಿಂದ ಮೊಬೈಲ್ ಕಸಿದು ಸೋಫಾ ಮೇಲೆ ಕೂರಿಸಿದ್ದೆ. ಈಗ ಅವಳು ನನ್ನ ಮುಖ ನೋಡುತ್ತಿದ್ದಳು. ಇದನ್ನ ನೀನು ನಿಜವಾಗಲೂ ಇಷ್ಟಪಡ್ತೀಯಾ ಅನ್ನೋ ನೋಟ.

ನಮ್ಮ ಕಾಲದಲ್ಲಿ ಕ್ರಿಂಜ್ ಅನ್ನೋ ಪದ ಇರಲಿಲ್ಲ. ನಾವು "ಓವರ್" ಅನ್ನುತ್ತಿದ್ದೆವು. ಓವರ್ ಆಕ್ಟಿಂಗು, ಓವರ್ ಬಿಲ್ಡಪ್ಪು, ಸಿಕ್ಕಾಪಟ್ಟೆ ಓವರ್ರು. 'ದಿ ಫಿಫ್ತ್ ಎಲಿಮೆಂಟ್' ಓವರ್ ಅಲ್ಲ ಅಂತ ವಾದ ಮಾಡುವಷ್ಟು ದಡ್ಡಿ ನಾನಲ್ಲ. ಕಿತ್ತಳೆ ಕೂದಲಿನ ಹುಡುಗಿ, ತಲೆ ಮೇಲೆ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿಕೊಂಡ ವಿಲನ್, ಹಾಡು ಹೇಳುವ ನೀಲಿ ಹೆಂಗಸು, ಚಿರತೆ ಚುಕ್ಕೆಯ ಬಟ್ಟೆ ಹಾಕಿಕೊಂಡು ಕಿರುಚುವ ರೇಡಿಯೋದವನು. ಯಾವುದನ್ನೂ ಅಳತೆ ಮಾಡಿ ಹಾಕಿಲ್ಲ, ಕೈಗೆ ಬಂದಷ್ಟು ಸುರಿದಿದ್ದಾರೆ. ಆದರೂ ಇಪ್ಪತ್ತು ವರ್ಷದ ಮೇಲಾಯಿತು, ಈ ಸಿನಿಮಾ ನನ್ನನ್ನು ಬಿಟ್ಟಿಲ್ಲ.

ಮೊದಲ ಸಲ ನೋಡಿದ್ದು ಹಾಸನದ ನಮ್ಮ ಮನೆಯಲ್ಲಿ, ಮ್ಯೂಟ್‌ನಲ್ಲಿ.

ಅಪ್ಪ ಟ್ಯಾಕ್ಸಿ ಓಡಿಸುತ್ತಿದ್ದರು. ಅಂಬಾಸಿಡರ್. ಬೇಲೂರು, ಹಳೇಬೀಡು, ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ಬಾಡಿಗೆ ಮುಗಿಸಿ ಬರುವಷ್ಟರಲ್ಲಿ ಎಷ್ಟೋ ದಿನ ರಾತ್ರಿ ಹನ್ನೊಂದು ದಾಟಿರುತ್ತಿತ್ತು. ಅಮ್ಮ ಮಲಗಿರುತ್ತಿದ್ದಳು. ನಾನು ಒಳಗೆ ಸೆಕೆಂಡ್ ಪಿಯುಸಿ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಅಪ್ಪ ಮುದ್ದೆ ಉಂಡು, ಟೀವಿ ಹಾಕಿ, ಮ್ಯೂಟ್ ಒತ್ತಿ, ಇಂಗ್ಲಿಷ್ ಸಿನಿಮಾ ಚಾನೆಲ್ ಇಡುತ್ತಿದ್ದರು. ಅದಕ್ಕೊಂದು ಲೆಕ್ಕಾಚಾರ ಇತ್ತು. ಕನ್ನಡ ಸಿನಿಮಾ ಮ್ಯೂಟ್ ಮಾಡಿದರೆ ಅರ್ಧ ಹೋಯಿತು. ಇಂಗ್ಲಿಷ್ ಸಿನಿಮಾ ಮ್ಯೂಟ್ ಮಾಡಿದರೆ ಅಪ್ಪನಿಗೆ ಏನೂ ನಷ್ಟ ಇಲ್ಲ.

ಆ ರಾತ್ರಿ ನೀರು ಕುಡಿಯೋಕೆ ಅಂತ ಎದ್ದು ಬಂದೆ. ಟೀವಿಯಲ್ಲಿ ಒಂದು ಹಳದಿ ಟ್ಯಾಕ್ಸಿ ಆಕಾಶದಲ್ಲಿ ಹೋಗುತ್ತಿತ್ತು. ಹಿಂದೆ ಪೊಲೀಸ್ ಗಾಡಿಗಳು. ಮೇಲೆ ಕೆಳಗೆ ಎಡ ಬಲ ಎಲ್ಲ ಕಡೆ ಗಾಡಿಗಳೇ. ಅಪ್ಪ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅಲ್ಲಿ ಬ್ರೇಕ್ ಇರಲಿಲ್ಲ, ಬರೀ ರೆಡ್ ಆಕ್ಸೈಡ್ ನೆಲ.

"ಅವ್ನೂ ಡ್ರೈವರ್ರೇ ಕಣವ್ವ," ಅಂದರು ಪಿಸುದನಿಯಲ್ಲಿ. ಯಾರೋ ನೆಂಟರನ್ನು ಪರಿಚಯ ಮಾಡಿಕೊಟ್ಟ ಹಾಗೆ.

ನಾನೂ ಕೂತೆ. ಸೌಂಡು ಎರಡು ಗೀಟು ಏರಿಸಿ, ಕಿವಿ ಕೊಟ್ಟು, ಅರ್ಥವಾದಷ್ಟನ್ನು ಹೇಳುತ್ತಾ ಹೋದೆ. ಗಾಡಿಯೇ ಮಾತಾಡಿ ಡ್ರೈವರ್‌ಗೆ ಲೆಕ್ಕ ಒಪ್ಪಿಸುತ್ತೆ. ನಿನ್ನ ಲೈಸೆನ್ಸಿನಲ್ಲಿ ಇಷ್ಟೇ ಪಾಯಿಂಟ್ ಉಳಿದಿರೋದು ಅಂತ. ತಪ್ಪು ಮಾಡಿದಾಗಲೆಲ್ಲ ಒಂದೊಂದು ಕಳೀತಾರೆ, ಎಲ್ಲ ಹೋದ್ರೆ ಲೈಸೆನ್ಸೂ ಹೋಯ್ತು ಅಂತ ಅಪ್ಪನಿಗೆ ವಿವರಿಸಿದೆ. ಅಪ್ಪ ಒಂದು ಕ್ಷಣ ಯೋಚಿಸಿ, "ಹಂಗಾದ್ರೆ ನಾನು ಹಾಸನನೇ ದಾಟ್ತಿರ್ಲಿಲ್ಲ," ಅಂದರು.

ಕೊನೆಗೆ ಆ ಡ್ರೈವರು ಗಾಡಿಯನ್ನು ಪಾತಾಳದ ಥರ ಇರುವ ಬೀದಿಯ ಮಂಜಿನೊಳಗೆ ಇಳಿಸಿ ನಿಲ್ಲಿಸುತ್ತಾನೆ. ಅಪ್ಪ ತಲೆಯಾಡಿಸಿದರು. ಒಬ್ಬ ಕಸುಬುದಾರ ಇನ್ನೊಬ್ಬನ ಕೆಲಸ ಮೆಚ್ಚಿದ ರೀತಿ ಅದು.

ಆಮೇಲೆ ಎಷ್ಟೋ ವರ್ಷ ಕಳೆದು ಒಂದು ವಿಷಯ ಓದಿದೆ. ನಿರ್ದೇಶಕ ಲ್ಯೂಕ್ ಬೆಸ್ಸನ್ ಫ್ರೆಂಚರವರು. ಹದಿನಾರನೇ ವಯಸ್ಸಿನಲ್ಲೇ ಈ ಕಥೆ ಬರೆಯೋಕೆ ಶುರು ಮಾಡಿದ್ದರಂತೆ. ಮೊದಮೊದಲಿನ ಕಥೆಯಲ್ಲಿ ನಾಯಕ ಕೊರ್ಬೆನ್ ಡಲ್ಲಾಸ್ ಟ್ಯಾಕ್ಸಿ ಡ್ರೈವರೇ ಅಲ್ಲ, ಕಾರ್ಖಾನೆ ಕೆಲಸಗಾರ. 90ರ ದಶಕದ ಶುರುವಿನಲ್ಲಿ ಫ್ರಾನ್ಸಿನ ಇಬ್ಬರು ದೊಡ್ಡ ಕಾಮಿಕ್ಸ್ ಕಲಾವಿದರು, ಮೋಬಿಯಸ್ ಮತ್ತು ಜ್ಯಾನ್ ಕ್ಲೋಡ್ ಮೆಜಿಯೆರ್, ಈ ಸಿನಿಮಾಕ್ಕೆ ಚಿತ್ರ ಬರೆಯುತ್ತಿದ್ದರು. ಅದಕ್ಕೆ ಬೇಕಾದ ದುಡ್ಡು ಹುಟ್ಟಲಿಲ್ಲ, ಕೆಲಸ ನಿಂತುಹೋಯಿತು. ಬೆಸ್ಸನ್ ಆ ಮಧ್ಯೆ ಬೇರೆ ಸಿನಿಮಾ ಮಾಡಿದರು. ಮೆಜಿಯೆರ್ ತಮ್ಮ 'ವಲೇರಿಯನ್' ಕಾಮಿಕ್ಸ್‌ಗೆ ವಾಪಸ್ ಹೋಗಿ ಅದರಲ್ಲೊಂದು ಹಾರುವ ಟ್ಯಾಕ್ಸಿ ಬರೆದರು. ಬೆಸ್ಸನ್ ಕಣ್ಣಿಗೆ ಅದು ಬಿತ್ತು. ನಾಯಕನ ಕೆಲಸವೇ ಬದಲಾಯಿತು.

ನನ್ನ ಪ್ರಕಾರ ಇಡೀ ಸಿನಿಮಾ ಬದುಕಿದ್ದೇ ಆ ಒಂದು ಬದಲಾವಣೆಯಿಂದ.

ಕಥೆ ಏನು ಅಂತ ಕೇಳಿದರೆ ಎರಡು ಸಾಲು ಸಾಕು. ಐದು ಸಾವಿರ ವರ್ಷಕ್ಕೊಮ್ಮೆ ಒಂದು ದುಷ್ಟಶಕ್ತಿ ಬರುತ್ತೆ. ಅದನ್ನು ತಡೆಯೋಕೆ ನಾಲ್ಕು ಕಲ್ಲು ಮತ್ತು ಒಂದು ಐದನೇ ವಸ್ತು ಬೇಕು. ಆ ಐದನೆಯದೇ ಕಿತ್ತಳೆ ಕೂದಲಿನ ಹುಡುಗಿ ಲೀಲೂ. ಅವಳು 2263ನೇ ಇಸವಿಯ ನ್ಯೂಯಾರ್ಕಿನಲ್ಲಿ ಎತ್ತರದ ಕಟ್ಟಡದಿಂದ ಹಾರಿ, ಸೀದಾ ನಮ್ಮ ಡ್ರೈವರಿನ ಟ್ಯಾಕ್ಸಿಯ ಟಾಪ್ ಒಡೆದುಕೊಂಡು ಒಳಗೆ ಬೀಳುತ್ತಾಳೆ. ಉಳಿದದ್ದು ಓಟ, ಗುಂಡು, ಸ್ಫೋಟ. ಕಥೆಗೋಸ್ಕರ ಯಾರೂ ಇದನ್ನು ನೋಡಲ್ಲ.

ನೋಡಬೇಕಾದದ್ದು ಡ್ರೈವರಿನ ರೂಮು. ಬೆಂಗಳೂರಿನ ಪೇಯಿಂಗ್ ಗೆಸ್ಟ್ ರೂಮುಗಳಲ್ಲಿ ಆರು ವರ್ಷ ಕಳೆದವಳಾಗಿ ಹೇಳುತ್ತೇನೆ, ಅಷ್ಟು ನಿಜವಾದ ರೂಮು ಯಾವ ಸೈನ್ಸ್ ಫಿಕ್ಷನ್ನಿನಲ್ಲೂ ನಾನು ನೋಡಿಲ್ಲ. ಹಾಸಿಗೆ ಗೋಡೆಯೊಳಗೆ ಹೋಗುತ್ತೆ. ಫ್ರಿಜ್ಜು ಕೆಳಗಿಳಿದರೆ ಸ್ನಾನದ ಜಾಗ ಕಾಣುತ್ತೆ. ಒಂದು ಬೆಕ್ಕು. ದಿನಕ್ಕೆ ಇಷ್ಟೇ ಸಿಗರೇಟು ಅಂತ ಲೆಕ್ಕ ಹಾಕಿ ಕೊಡುವ ಗೋಡೆಯ ಡಬ್ಬಿ, ಆ ಸಿಗರೇಟಿನಲ್ಲೂ ಮುಕ್ಕಾಲು ಪಾಲು ಬರೀ ಫಿಲ್ಟರು. ಫೋನ್ ಎತ್ತಿದರೆ ಬೈಯುವ ಅಮ್ಮ. ಕಥೆ ಮುಂದೆ ಹೋದಂತೆ ಇದೇ ಗೂಡಿಗೆ ಒಬ್ಬರ ಹಿಂದೊಬ್ಬರು ಬಾಗಿಲು ತಟ್ಟುತ್ತಾರೆ. ಬಂದವರನ್ನೆಲ್ಲ ಬಚ್ಚಿಡಬೇಕು. ಮಿಲಿಟರಿ ಜನರಲ್ಲು ಮತ್ತವನ ಜೊತೆಗಾರರು ಫ್ರಿಜ್ಜಿನಲ್ಲಿ, ಆ ಕಲ್ಲುಗಳ ಗುಟ್ಟು ಕಾಯುವ ಪೂಜಾರಿ ಹಾಸಿಗೆಯಲ್ಲಿ, ಲೀಲೂ ಶವರಿನಲ್ಲಿ. ಓನರ್ ಆಂಟಿ ಬಂದಾಗ ಫ್ರೆಂಡನ್ನು ಮಂಚದ ಕೆಳಗೆ ತಳ್ಳಿದ ಅನುಭವ ಇರುವ ಯಾರಿಗೂ ಇದಕ್ಕೆ ವಿವರಣೆ ಬೇಕಾಗಿಲ್ಲ.

ಅದಕ್ಕೂ ಮುಂಚೆ ಬರುವ ಒಂದು ಸಣ್ಣ ದೃಶ್ಯವನ್ನು ನಾನು ಮತ್ತೆ ಮತ್ತೆ ಹಿಂದೆ ಹಾಕಿ ನೋಡಿದ್ದೇನೆ. ಬೆಳಿಗ್ಗೆ ಡ್ರೈವರು ಕೆಲಸಕ್ಕೆ ಹೊರಡಬೇಕು. ಬಾಗಿಲಿನ ಕಿಂಡಿಯಲ್ಲಿ ನೋಡುತ್ತಾನೆ. ಹೊರಗೆ ಯಾರೂ ಇಲ್ಲ, ಖಾಲಿ ಓಣಿ. ಬಾಗಿಲು ತೆಗೆದರೆ ಎದುರಿಗೇ ದೊಡ್ಡ ಬಂದೂಕು ಹಿಡಿದ ಒಬ್ಬ ತಲೆಹೋಕ. ಅವನ ತಲೆ ಮೇಲೊಂದು ಟೋಪಿ. ಆ ಟೋಪಿಗೆ ಖಾಲಿ ಓಣಿಯ ಫೋಟೋ ಅಂಟಿಸಿದ್ದಾನೆ! ಕಿಂಡಿಯಿಂದ ನೋಡಿದರೆ ಟೋಪಿಯೇ ಕಾಣಬೇಕು. ಒಂದು ನಿಮಿಷದ ಜೋಕಿಗೆ ಯಾರೋ ಕೂತು ಇಷ್ಟು ತಲೆ ಓಡಿಸಿದ್ದಾರೆ. ಆ ಟೋಪಿಯ ಬಗ್ಗೆ ಯಾರೂ ಮಾತಾಡಲ್ಲ ಕೂಡ. ನೋಡಿದರೆ ನೋಡಿ, ಬಿಟ್ಟರೆ ಬಿಡಿ.

ಇನ್ನು ಊಟದ ದೋಣಿ. ನೂರಾರು ಮಹಡಿ ಎತ್ತರದಲ್ಲಿ ಕಿಟಕಿಯ ಪಕ್ಕಕ್ಕೆ ಒಂದು ಹಾರುವ ದೋಣಿ ಬಂದು ನಿಲ್ಲುತ್ತೆ. ಅದರಲ್ಲಿ ಒಬ್ಬ ಮುದುಕ ನೂಡಲ್ಸು ಬೇಯಿಸುತ್ತಿರುತ್ತಾನೆ. ಬಸ್ಸಿನ ಕಿಟಕಿಗೆ ಕಡ್ಲೆಕಾಯಿ ಪೊಟ್ಟಣ ಎತ್ತಿ ಹಿಡಿಯುವವರ ಹಾಗೆಯೇ. ಡ್ರೈವರಿಗೆ ಒಂದು ಕಾಗದ ಬಂದಿರುತ್ತೆ. ಒಳ್ಳೇ ಸುದ್ದಿ ಇರಬಹುದು, ಒಡೆದು ನೋಡು ಅಂತ ಮುದುಕನದೇ ಒತ್ತಾಯ. ಊಟವನ್ನೇ ಪಂದ್ಯ ಕಟ್ಟುವವನೂ ಅವನೇ. ಒಡೆದರೆ, ಕೆಲಸದಿಂದ ತೆಗೆದಿದ್ದಾರೆ. ಹೋಗಲಿ, ಊಟವಾದರೂ ಗೆದ್ದೆನಲ್ಲ ಅನ್ನುತ್ತಾನೆ ಡ್ರೈವರು.

ಅಪ್ಪ ಇಲ್ಲಿ ನಗಲಿಲ್ಲ. ಕಾಗದದಲ್ಲಿ ಏನಿದೆ ಅಂತ ನಾನು ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಸ್ವಂತ ಗಾಡಿ ತಗೊಳ್ಳುವುದಕ್ಕೆ ಮುಂಚೆ ಅವರು ಬೇರೆಯವರ ಗಾಡಿ ಓಡಿಸುತ್ತಿದ್ದರು. ಒಂದು ಬೆಳಿಗ್ಗೆ ಮಾಲೀಕರು ಬೀಗದ ಕೈ ಇಸಕೊಂಡು ಕಳಿಸಿದ್ದರು. ಕಾರಣ ಹೇಳಿರಲಿಲ್ಲ. ಆ ದಿನ ಅಪ್ಪ ಹಾಸನದಿಂದ ನಮ್ಮ ಹಳ್ಳಿಗೆ ನಡೆದೇ ಬಂದಿದ್ದರಂತೆ. ಇದನ್ನು ನನಗೆ ಹೇಳಿದ್ದು ಅಮ್ಮ, ಅಪ್ಪ ಅಲ್ಲ.

ಈಗ ಓವರ್ ಅನ್ನೋ ವಿಷಯಕ್ಕೆ ಬರುತ್ತೇನೆ.

ಹಾಸನ, ಮಂಡ್ಯ, ತುಮಕೂರು ಕಡೆಯವರಿಗೆ ಪೌರಾಣಿಕ ನಾಟಕ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಊರಿನವರೇ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ಸೀನರಿ, ಕಿರೀಟ, ಜರಿಯ ಬಟ್ಟೆ ಎಲ್ಲ ಬಾಡಿಗೆಗೆ ಬರುತ್ತೆ. ನಮ್ಮ ದೊಡ್ಡಪ್ಪ ಕುರುಕ್ಷೇತ್ರದಲ್ಲಿ ದುರ್ಯೋಧನ. ಹಗಲು ಆಲೂಗಡ್ಡೆ ಹೊಲದಲ್ಲಿ ಮಣ್ಣು ಹೊರುವ ಮನುಷ್ಯ, ರಾತ್ರಿ ಗದೆ ಹಿಡಿದು ಬಂದರೆ ನನಗೆ ನಿಜಕ್ಕೂ ಹೆದರಿಕೆ ಆಗುತ್ತಿತ್ತು. ಒಂದು ವರ್ಷ ಹಾಡಿನ ನಡುವೆ ಅವರ ಮೀಸೆಯ ಗೋಂದು ಬಿಟ್ಟುಕೊಂಡಿತು. ಅರ್ಧ ಮೀಸೆ ನೇತಾಡುತ್ತಿದೆ. ದೊಡ್ಡಪ್ಪ ಎಡಗೈಯಲ್ಲಿ ಮೀಸೆ ಒತ್ತಿ ಹಿಡಿದು, ಬಲಗೈಯಲ್ಲಿ ಗದೆ ಎತ್ತಿ, ಆಲಾಪ ಎಳೆದು, ಹಾಡು ಮುಗಿಸಿದರು. ಜನ ಬಿದ್ದು ಬಿದ್ದು ನಕ್ಕರು. ದೊಡ್ಡಪ್ಪ ನಗಲಿಲ್ಲ. ಕೊನೆಗೆ ಒನ್ಸ್ ಮೋರ್ ಬಿತ್ತು.

ದೊಡ್ಡಪ್ಪ ಅಲ್ಲಿ ನಮ್ಮ ಕಡೆ ನೋಡಿ ಕಣ್ಣು ಮಿಟುಕಿಸಿ, "ಇದೆಲ್ಲ ತಮಾಷೆ ಕಣ್ರಪ್ಪ" ಅಂದಿದ್ದರೆ ನಾಟಕ ಸತ್ತುಹೋಗುತ್ತಿತ್ತು. ಈ ಸಿನಿಮಾ ನನಗೆ ಹಿಡಿಸುವುದು ಇದೇ ಕಾರಣಕ್ಕೆ. ಪರದೆಯ ಮೇಲಿರುವ ಒಬ್ಬರಿಗೂ ತಾವು ಕಾಮಿಡಿಯಲ್ಲಿದ್ದೇವೆ ಅಂತ ಗೊತ್ತಿಲ್ಲ. ವಿಲನ್ ಝೋರ್ಗ್ ಪಾತ್ರದ ಗ್ಯಾರಿ ಓಲ್ಡ್‌ಮನ್‌ರನ್ನೇ ನೋಡಿ. ಅರ್ಧ ತಲೆಗೆ ಕೂದಲು, ಅರ್ಧಕ್ಕೆ ಪ್ಲಾಸ್ಟಿಕ್ಕು. ಕುಂಟು ನಡಿಗೆ, ಅಮೆರಿಕದ ದಕ್ಷಿಣದವರ ಎಳೆದಾಡುವ ಮಾತು. ಮೇಜಿನ ಒಳಗಿಂದ ಹೊರಬರುವ ಸೊಂಡಿಲಿನ ಪುಟ್ಟ ಸಾಕುಪ್ರಾಣಿ ಬೇರೆ. ಅವನು ಪೂಜಾರಿಗೆ ಭಾಷಣ ಕೊಡುತ್ತಾನೆ. ನಾಶ ಆದರೇ ಜಗತ್ತು ನಡೆಯೋದು ಅಂತ ತೋರಿಸಲು ಗಾಜಿನ ಲೋಟ ನೆಲಕ್ಕೆ ಹಾಕಿ ಒಡೆಯುತ್ತಾನೆ. ಪುಟ್ಟ ಯಂತ್ರಗಳು ಓಡಿಬಂದು ಚೂರು ಗುಡಿಸುತ್ತವೆ. ನೋಡು, ಎಷ್ಟು ಜನಕ್ಕೆ ಕೆಲಸ ಸಿಕ್ತು ಅನ್ನೋ ಧಾಟಿ. ಆಮೇಲೆ ಗೆದ್ದ ಖುಷಿಯಲ್ಲಿ ಒಂದು ಚೆರ್ರಿ ಹಣ್ಣು ಬಾಯಿಗೆ ಹಾಕಿಕೊಳ್ಳುತ್ತಾನೆ. ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಮೇಜಿನ ಮೇಲಿನ ಗುಂಡಿಗಳನ್ನೆಲ್ಲ ಒತ್ತುತ್ತಾನೆ. ಏನೇನೋ ಯಂತ್ರ ಏಳುತ್ತವೆ, ಬೆನ್ನಿಗೆ ಒಂದು ಏಟು ಕೊಡೋಕೆ ಒಂದಕ್ಕೂ ಆಗಲ್ಲ. ಪೂಜಾರಿಯೇ ಎದ್ದು ಬಂದು ಗುದ್ದಬೇಕಾಗುತ್ತೆ.

ಓಲ್ಡ್‌ಮನ್ ಈ ಪಾತ್ರ ಒಪ್ಪಿದ್ದು ಬೆಸ್ಸನ್‌ರ ಋಣ ತೀರಿಸೋಕೆ. ಅವರು ಆಗ ನಿರ್ದೇಶಿಸುತ್ತಿದ್ದ ಸ್ವಂತ ಸಿನಿಮಾಕ್ಕೆ ಬೆಸ್ಸನ್ ದುಡ್ಡಿನ ಸಹಾಯ ಮಾಡಿದ್ದರು. ಈ ಸಿನಿಮಾವನ್ನು ತನಗೆ ನೋಡೋಕಾಗಲ್ಲ ಅಂತ ಆಮೇಲೆ ಹೇಳಿಕೊಂಡೂ ಇದ್ದಾರೆ. ಇರಲಿ. ದೊಡ್ಡಪ್ಪನೂ ತಮ್ಮ ನಾಟಕದ ವಿಡಿಯೋ ಯಾವತ್ತೂ ನೋಡಲಿಲ್ಲ.

ಒಂದು ವಿಷಯ ನನಗೆ ಮೂರನೇ ಸಲ ನೋಡುವಾಗ ಹೊಳೆಯಿತು. ಈ ಸಿನಿಮಾದಲ್ಲಿ ಹೀರೋ ಮತ್ತು ವಿಲನ್ ಭೇಟಿಯೇ ಆಗಲ್ಲ. ಒಂದು ಮಾತಿಲ್ಲ, ಒಂದು ಏಟಿಲ್ಲ. ಎಲ್ಲರೂ ಬಂದು ಸೇರುವ ಐಷಾರಾಮಿ ಆಕಾಶ ಹಡಗಿನಲ್ಲಿ ಒಬ್ಬ ಲಿಫ್ಟು ಹತ್ತುವ ಹೊತ್ತಿಗೆ ಇನ್ನೊಬ್ಬ ಇಳಿದುಹೋಗುತ್ತಾನೆ, ಅಷ್ಟೇ. ಕೊನೆಯಲ್ಲಿ ಗೋಡೌನಿನಲ್ಲಿ ಹೊಡೆದಾಟ ಇರಲೇಬೇಕು ಅಂತ ನಂಬಿ ಬೆಳೆದ ನನಗೆ ಅದು ಗೊತ್ತೇ ಆಗದ ಹಾಗೆ ಮಾಡಿದ್ದಾರಲ್ಲ!

ಬಟ್ಟೆಗಳ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತೆ. ಪ್ಯಾರಿಸ್ಸಿನ ಫ್ಯಾಷನ್ ಡಿಸೈನರ್ ಜ್ಯಾನ್ ಪಾಲ್ ಗೋತಿಯೆ ಈ ಸಿನಿಮಾಕ್ಕೆ ಅಂತ 900ಕ್ಕೂ ಹೆಚ್ಚು ಉಡುಪು ಮಾಡಿಕೊಟ್ಟರು. ಹಿಂದೆ ಸುಮ್ನೆ ನಿಂತಿರುವ ಜನರ ಬಟ್ಟೆಗೂ ಅಷ್ಟೇ ಗಮನ. ನಗರ ಕೂಡ ಹಾಗೇ. ಆ ಆಳದ ಬೀದಿಗಳಲ್ಲಿ ಕಾಣುವ ಎಷ್ಟೋ ಕಟ್ಟಡಗಳು ಕಂಪ್ಯೂಟರಿನಲ್ಲಿ ಹುಟ್ಟಿದ್ದಲ್ಲ. ನಿಜವಾದ ಅಳತೆಯ 24ರಲ್ಲಿ ಒಂದು ಪಾಲಿನಷ್ಟು ಸಣ್ಣದಾಗಿ ಕೈಯಿಂದ ಕಟ್ಟಿದ ಮಾದರಿಗಳು. ಒಟ್ಟು ಖರ್ಚು ಸುಮಾರು 9 ಕೋಟಿ ಡಾಲರ್. ಯುರೋಪಿನವರು ಅಲ್ಲಿಯವರೆಗೆ ಒಂದು ಸಿನಿಮಾಕ್ಕೆ ಅಷ್ಟು ದುಡ್ಡು ಸುರಿದದ್ದು ಕಡಿಮೆ. 1997ರ ಮೇ 7ಕ್ಕೆ ಕಾನ್ ಚಿತ್ರೋತ್ಸವ ಶುರುವಾದದ್ದೇ ಈ ಸಿನಿಮಾದಿಂದ. ಅದೂ 50ನೇ ಉತ್ಸವ. ಗಂಭೀರ ಸಿನಿಮಾದವರ ಆ ಜಾತ್ರೆಯಲ್ಲಿ ಮೊದಲ ದಿನವೇ ಚಿರತೆ ಚುಕ್ಕೆಯ ಬಟ್ಟೆಯವನು ಕಿರುಚಿದ್ದಾನೆ ಅಂತ ನೆನೆಸಿಕೊಂಡರೆ ನನಗೆ ಈಗಲೂ ಖುಷಿ.

ಅವನ ವಿಷಯ. ರೂಬಿ ರಾಡ್, ಅಂದರೆ ಕ್ರಿಸ್ ಟಕರ್. ಪಿಯುಸಿಯಲ್ಲಿದ್ದಾಗ ಅವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಆ ಕೀರಲು ದನಿ, ನಿಲ್ಲದ ಮಾತು, ಮುಂದಕ್ಕೆ ಚಾಚಿಕೊಂಡ ಕೂದಲಿನ ಗೋಪುರ. ನನ್ನ ಹಾಗೆ ಅಂದುಕೊಂಡವರು ಜಾಸ್ತಿಯೇ ಇದ್ದರು ಅನ್ನಿಸುತ್ತೆ. ಆ ವರ್ಷದ ಕೆಟ್ಟ ಸಿನಿಮಾಗಳಿಗೆ ಕೊಡುವ ರಾಝಿ ಪ್ರಶಸ್ತಿಗೆ ಅವನ ಹೆಸರು ಸೇರಿತ್ತು. ಲೀಲೂ ಆಗಿದ್ದ ಮಿಲಾ ಯೋವೋವಿಚ್ ಹೆಸರೂ ಸೇರಿತ್ತು.

ಆದರೆ ಅಪ್ಪನಿಗೆ ಅವನು ಭಾರಿ ಇಷ್ಟ. "ಆ ಜುಟ್ಟಿನವನು ಬಂದ ನೋಡು," ಅಂತ ಕಾಯುತ್ತಿದ್ದರು. ಯಾಕೆ ಅಂತ ಆಮೇಲೆ ಅರ್ಥವಾಯಿತು. ಅಪ್ಪ ಎಷ್ಟೋ ಹೊತ್ತು ಅವನನ್ನು ನೋಡಿದ್ದು ದನಿ ಇಲ್ಲದೆ. ದನಿ ತೆಗೆದರೆ ಉಳಿಯುವುದು ಆ ಮೈ, ಆ ಕಣ್ಣು. ನಡೆಯುವಾಗ ಸೊಂಟ ಹೇಗೆ ತಿರುಗುತ್ತೆ, ಗುಂಡು ಹಾರಿದಾಗ ಹೇಗೆ ಮುದುಡುತ್ತಾನೆ, ಹೆದರಿ ಹೆದರಿ ಕೊನೆಗೆ ಹೇಗೆ ಬರೀ ಎರಡು ಕಣ್ಣಾಗಿ ಉಳಿಯುತ್ತಾನೆ. ಇಂಜಿನಿಯರಿಂಗ್ ಮುಗಿದ ಮೇಲೆ ಒಂದು ಸಲ ನಾನೂ ಬೇಕಂತಲೇ ಮ್ಯೂಟ್ ಮಾಡಿ ನೋಡಿದೆ. ಅಪ್ಪನ ಮಾತು ನಿಜ. ನೂರಾರು ಜನ ಗುಂಡು ಹೊಡೆದುಕೊಳ್ಳುತ್ತಿರುವ ಜಾಗದಲ್ಲಿ ಸರಿಯಾಗಿ ಹೆದರಿರುವವನು ಅವನೊಬ್ಬನೇ. ಡ್ರೈವರ್ ಆಗಿರುವ ಬ್ರೂಸ್ ವಿಲ್ಲಿಸ್‌ಗೆ ಬೆವರೂ ಬರಲ್ಲ. ನಮ್ಮ ಪರವಾಗಿ ಕಿರುಚುವವನು ರೂಬಿ.

ಮೊನ್ನೆ ಮಗಳು ಮೊಬೈಲಿಂದ ತಲೆ ಎತ್ತಿದ್ದೂ ಅವನಿಗೇ. (ಹೌದು, ಅರ್ಧ ಗಂಟೆಯಲ್ಲಿ ಮೊಬೈಲು ಅವಳ ಕೈಗೆ ವಾಪಸ್ ಹೋಗಿತ್ತು.) ರೂಬಿ ಒಂದು ಕೋಲಿನಂಥ ಮೈಕು ಹಿಡಿದು, ಹಿಂದೆ ಮುಂದೆ ಹೊಗಳುಭಟರನ್ನು ಇಟ್ಟುಕೊಂಡು, ಹಡಗಿನ ಓಣಿಯಲ್ಲಿ ನಡೆಯುತ್ತಾ ಲೈವ್ ಕೊಡುತ್ತಾನೆ. ಎದುರು ಬಂದವರೆಲ್ಲ ಅವನಿಗೆ ಕಂಟೆಂಟು. ಆಮೇಲೆ ಬಾಂಬು ದಾಳಿ ನಡೆಯುವಾಗಲೂ ಲೈವ್ ನಿಲ್ಲಲ್ಲ.

"ಇವನು ಇನ್‌ಫ್ಲುಯೆನ್ಸರ್ ಅಲ್ವಾ?" ಅಂದಳು.

1997ರ ಸಿನಿಮಾ ಅಂತ ನೆನಪಿಸಿದೆ. ಮೊಬೈಲು ಉಲ್ಟಾ ಮಲಗಿತು.

ಅಲ್ಲಿಂದ ಮುಂದೆ ನೀಲಿ ಹೆಂಗಸಿನ ಹಾಡು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ತಡೆದುಕೊಳ್ಳಿ.

ಅವಳ ಹೆಸರು ಪ್ಲಾವಲಗೂನಾ. ಎತ್ತರ, ನೀಲಿ ಮೈ, ತಲೆಯಿಂದ ಇಳಿದ ಉದ್ದುದ್ದ ಕೊಳವೆಗಳು. ಹಿಂದೆ ದೊಡ್ಡ ಕಿಟಕಿ, ಆಚೆ ಗ್ರಹ. ಸಭೆ ಗಪ್‌ಚಿಪ್. ಅವಳು ಹಾಡಲು ಶುರು ಮಾಡುವುದು ಇಟಲಿಯ ದೊನಿಜೆಟ್ಟಿಯ ಒಪೆರಾದ ತುಣುಕು, 1835ರದ್ದು. ಪಾತ್ರ ಮಾಡಿದ್ದು ಮೈವೆನ್ ಅನ್ನೋ ನಟಿ, ದನಿ ಅಲ್ಬೇನಿಯಾದ ಗಾಯಕಿ ಇನ್ವಾ ಮುಲಾ ಅವರದ್ದು. ಶುರುವಿನಲ್ಲಿ ನಗುವಂಥದ್ದು ಏನೇನೂ ಇಲ್ಲ. ತೀರ ಶುದ್ಧವಾಗಿ, ನಿಧಾನವಾಗಿ ಹಾಡುತ್ತಾಳೆ. ಗುಂಡಿನ ಮೇಲೆ ಗುಂಡು ಹಾರಿಸಿಕೊಂಡು ಬಂದ ಸಿನಿಮಾ ತಟ್ಟನೆ ನಿಂತು, ಕೈಕಟ್ಟಿ ಕೇಳುತ್ತೆ. ಡ್ರೈವರಿನ ಮುಖ ಮಗುವಿನ ಮುಖ ಆಗುತ್ತೆ.

ಆಮೇಲೆ ತಾಳ ಬೀಳುತ್ತೆ. ಸಂಗೀತ ನಿರ್ದೇಶಕ ಎರಿಕ್ ಸೆರಾ ಅವರ ಬೀಟು ಕೆಳಗೆ, ಅದರ ಮೇಲೆ ಅದೇ ಗಂಟಲು ಮೆಟ್ಟಿಲು ಹತ್ತಿ ಇಳಿಯುತ್ತೆ. ಮನುಷ್ಯರಿಗೆ ಅಷ್ಟು ವೇಗವಾಗಿ ಒಂದು ಸ್ವರದಿಂದ ಇನ್ನೊಂದಕ್ಕೆ ಹಾರೋಕಾಗಲ್ಲ, ಅದಕ್ಕೇ ಕೆಲವು ಸ್ವರಗಳನ್ನು ಬಿಡಿಬಿಡಿಯಾಗಿ ಹಾಡಿಸಿ ಜೋಡಿಸಿದ್ದಾರೆ. ಅದೇ ಹೊತ್ತಿಗೆ ಇನ್ನೊಂದು ರೂಮಿನಲ್ಲಿ ಲೀಲೂ ಒಬ್ಬಳೇ ಹಂದಿಮುಖದ ರಾಕ್ಷಸರನ್ನು ಚಚ್ಚುತ್ತಿದ್ದಾಳೆ. ಅವಳ ಒದೆತ ಬೀಳುವುದು ತಾಳಕ್ಕೆ ಸರಿಯಾಗಿ. ಇವಳ ಕೈ ಏಳುವುದೂ ಅವಳ ಕೈ ಏಳುವುದೂ ಒಂದೇ. ಹೊಡೆದಾಟ ನಾಟ್ಯ ಆಗುತ್ತೆ, ಹಾಡು ಹೊಡೆದಾಟ ಆಗುತ್ತೆ.

ಆ ರಾತ್ರಿ ಹಾಸನದಲ್ಲಿ, ಈ ಹಾಡಿಗೆ, ಅಪ್ಪ ರಿಮೋಟ್ ತಗೊಂಡು ತಾವೇ ಸೌಂಡು ಏರಿಸಿದರು. ಎರಡು ಗೀಟಿಂದ ಹತ್ತು, ಹದಿನೈದು. ಅಮ್ಮ ಎದ್ದು ಬಂದು ಬಾಗಿಲಲ್ಲಿ ನಿಂತಳು, ಬೈಯೋಕೆ ಅಂತ. ಬೈಯಲಿಲ್ಲ. ಹಾಡು ಮುಗಿದ ಮೇಲೆ ಅಪ್ಪ ಮೆಲ್ಲಗೆ, "ಒನ್ಸ್ ಮೋರ್," ಅಂದರು. ಅಮ್ಮ, "ಗಂಟೆ ಎಷ್ಟು ಅಂತ ಗೊತ್ತಾ?" ಅಂದು ಒಳಗೆ ಹೋದಳು.

ನನಗೆ ಈ ಸಿನಿಮಾದ ಮೇಲೆ ಸಿಟ್ಟೂ ಇದೆ. ವಯಸ್ಸಾದಂತೆ ಜಾಸ್ತಿಯಾಗಿದೆ. ಲೀಲೂ ಜಗತ್ತಿನಲ್ಲೇ ಪರಿಪೂರ್ಣ ಜೀವಿ ಅಂತಾರೆ. ಹಾಗಿರುವವಳಿಗೆ ಹಾಕಿಕೊಳ್ಳೋಕೆ ನಾಲ್ಕು ಬಿಳಿ ಪಟ್ಟಿ. ಗಾಜಿನಾಚೆ ನಿಂತು ನೋಡುವ ಗಂಡಸರು. ವಿಮಾನದ ಹುಡುಗಿಯರು, ಹೋಟೆಲಿನ ಹುಡುಗಿಯರು, ಎಲ್ಲ ಗೋಡೆಯ ಅಲಂಕಾರದ ಹಾಗೆ. ಎಚ್ಚರವಿಲ್ಲದೆ ಮಲಗಿರುವ ಲೀಲೂಗೆ ಡ್ರೈವರು ಮುತ್ತು ಕೊಡುತ್ತಾನೆ. ಅವಳು ತಕ್ಷಣ ಎದ್ದು ಬಂದೂಕು ಅವನ ತಲೆಗೇ ಇಟ್ಟು ತನ್ನ ಭಾಷೆಯಲ್ಲಿ ಏನೋ ಹೇಳುತ್ತಾಳೆ. ನನ್ನ ಒಪ್ಪಿಗೆ ಇಲ್ಲದೆ ಬೇಡ ಅಂತ ಅದರ ಅರ್ಥ. ಅಷ್ಟರಮಟ್ಟಿಗೆ ಸಿನಿಮಾಕ್ಕೆ ಬುದ್ಧಿ ಇದೆ. ಹದಿನೇಳರಲ್ಲಿ ನಾನು ಅಲ್ಲಿ ನಕ್ಕಿದ್ದೆ, ಮಗಳು ನಗಲಿಲ್ಲ. "ಸರಿಯಾಗಿ ಮಾಡಿದ್ಲು," ಅಂದಳು.

ಅವಳ ಆ ಭಾಷೆಗೆ ಸುಮಾರು 400 ಪದ. ಬೆಸ್ಸನ್ ಕಟ್ಟಿದ್ದು. ಶೂಟಿಂಗ್ ಮುಗಿಯುವ ಹೊತ್ತಿಗೆ ಅವರೂ ಯೋವೋವಿಚ್ಚೂ ಅದರಲ್ಲೇ ಮಾತಾಡಿಕೊಳ್ಳುವಷ್ಟು ಪಳಗಿದ್ದರಂತೆ. ರಾಝಿಯವರು ಏನಾದರೂ ಹೇಳಲಿ, ಯೋವೋವಿಚ್ ಇಲ್ಲದಿದ್ದರೆ ಈ ಪಾತ್ರ ಬರೀ ಗೊಂಬೆ. ಅವಳು ಕೋಳಿ ತಿನ್ನುವುದನ್ನು ನೋಡಿ, ಎರಡೂ ಕೈಯಲ್ಲಿ, ಹುಟ್ಟಿದಾಗಿಂದ ಊಟ ಕಾಣದವಳ ಹಾಗೆ. ಹಾಗೆ ನೋಡಿದರೆ ಕಂಡೂ ಇಲ್ಲ. ಕಂಪ್ಯೂಟರಿನಲ್ಲಿ ಅಕ್ಷರದ ಸಾಲಿನಲ್ಲಿ ಮನುಷ್ಯರ ಚರಿತ್ರೆ ಓದುತ್ತಾ ಯುದ್ಧ ಅನ್ನೋ ಪದಕ್ಕೆ ಬರುತ್ತಾಳೆ. ಚಿತ್ರಗಳು ಒಂದರ ಮೇಲೊಂದು ಓಡುತ್ತವೆ. ಆ ಮುಖ ಒಡೆಯುತ್ತೆ. ಜೋಕು ಇಲ್ಲ.

ಕೊನೆ ಮಾತ್ರ ನನಗೆ ಒಪ್ಪಿಗೆ ಇಲ್ಲ. ಇಷ್ಟೆಲ್ಲ ಕಂಡವಳು ಈ ಜಗತ್ತನ್ನು ಉಳಿಸಬೇಕಾ ಬೇಡವಾ ಅಂತ ಯೋಚಿಸುವಾಗ, ಎರಡು ದಿನದ ಪರಿಚಯದ ಗಂಡಸು ಐ ಲವ್ ಯೂ ಅಂದ ಕೂಡಲೇ ಎಲ್ಲ ಸರಿಹೋಗುತ್ತೆ. ಐದನೆಯದು ಪ್ರೀತಿ ಅಂತೆ. ಅಪ್ಪನ ತಕರಾರು ಬೇರೆ ಥರದ್ದು. ಮಣ್ಣು, ನೀರು, ಬೆಂಕಿ, ಗಾಳಿ ಅಂತ ನಾಲ್ಕು ಕಲ್ಲಿನ ಹೆಸರು ನಾನು ಹೇಳಿದ ಕೂಡಲೇ, "ಐದ್ನೇದು ಆಕಾಶ ಅಲ್ವೇನವ್ವ? ಇದ್ಕೆ ಇಷ್ಟೊಂದು ಹುಡುಕ್ಬೇಕಾ?" ಅಂದಿದ್ದರು. ಪಂಚಭೂತ ಗೊತ್ತಿರುವವರಿಗೆ ಈ ಸಿನಿಮಾದ ಗುಟ್ಟು ಹೆಸರಿನಲ್ಲೇ ಹೊರಬಿದ್ದಂತೆ, ಉತ್ತರ ಮಾತ್ರ ತಪ್ಪು. ಆ ದೇಗುಲದ ದೃಶ್ಯದಲ್ಲಿ ನನ್ನ ಉಸಿರು ನಿಲ್ಲಿಸುವುದು ಪ್ರೀತಿಯಲ್ಲ, ಬೆಂಕಿಕಡ್ಡಿ. ಬೆಂಕಿಯ ಕಲ್ಲು ತೆರೆಯೋಕೆ ಡ್ರೈವರ್ ಹತ್ತಿರ ಉಳಿದಿರುವುದು ಒಂದೇ ಕಡ್ಡಿ. ಸಿಗರೇಟು ಬಿಡೋಕೆ ನೋಡುತ್ತಿರುವ ಮನುಷ್ಯ ಅಲ್ವಾ? 9 ಕೋಟಿ ಡಾಲರಿನ ಸಿನಿಮಾ ಕೊನೆಗೆ ಒಂದು ಕಡ್ಡಿಯ ತುದಿಗೆ ಬಂದು ನಿಲ್ಲುತ್ತೆ.

2017ರಲ್ಲಿ ಬೆಸ್ಸನ್ 'ವಲೇರಿಯನ್' ಅನ್ನೇ ಸಿನಿಮಾ ಮಾಡಿದರು. ಇದರ ಸುಮಾರು ಎರಡು ಪಟ್ಟು ದುಡ್ಡು. ನಾನು ಆಸೆಯಿಂದ ಥಿಯೇಟರಿಗೆ ಹೋದೆ. ಮೊದಲ ಹತ್ತು ನಿಮಿಷ ಬಾಯಿ ಬಿಟ್ಟುಕೊಂಡು ನೋಡಿದೆ. ಆಮೇಲೆ ನಿಧಾನವಾಗಿ ಪಾಪ್‌ಕಾರ್ನ್ ಕಡೆ ಗಮನ ಹೋಯಿತು. ಸಾವಿರ ಥರದ ಜೀವಿಗಳಿವೆ, ಬಣ್ಣ ಇದೆ, ಎಲ್ಲ ಇದೆ. ಬಾಡಿಗೆ ಕಟ್ಟುವವರು ಯಾರೂ ಇಲ್ಲ. ಕೆಲಸ ಹೋದರೆ ನಾಳೆ ಏನು ಅಂತ ಯೋಚಿಸುವವರು ಯಾರೂ ಇಲ್ಲ. ಎಲ್ಲವೂ ಮೇಲೇ ಇದ್ದರೆ ಎತ್ತರ ಹೇಗೆ ಗೊತ್ತಾಗಬೇಕು? ಹಾಕಿದ ದುಡ್ಡಿಗೆ ತಕ್ಕಷ್ಟು ಅದು ಓಡಲೂ ಇಲ್ಲ.

ಮೊನ್ನೆ ಸಿನಿಮಾ ಮುಗಿದದ್ದು ರಾತ್ರಿ ಹತ್ತೂವರೆಗೆ. ಕೊನೆಯಲ್ಲಿ ಜಗತ್ತೆಲ್ಲ ಉಳಿದ ಮೇಲೆ ಅಧ್ಯಕ್ಷರ ಕೈಗೆ ಫೋನು ಬರುತ್ತೆ. ಆ ಕಡೆ ಡ್ರೈವರಿನ ಅಮ್ಮ, ಯಾರು ಏನು ಅಂತ ಕೇಳದೆ ಬೈಯುತ್ತಾಳೆ. ಮಗಳು ಜೋರಾಗಿ ನಕ್ಕಳು. ಕ್ರಿಂಜ್ ಅಂದಿದ್ದೆಯಲ್ಲ ಅಂತ ನಾನು ಕೇಳಲಿಲ್ಲ.

ಅವಳೇ ತಾತನಿಗೆ ವಿಡಿಯೋ ಕಾಲ್ ಮಾಡಿದಳು. ಅಪ್ಪ ಗಾಡಿ ಮಾರಿ ಎಂಟು ವರ್ಷವಾಯಿತು. ಈಗ ಕಣ್ಣಿನ ಪೊರೆ ತೆಗೆಸಿದ್ದಾರೆ, ದಪ್ಪ ಕನ್ನಡಕ. ಫೋನನ್ನು ಗಲ್ಲದ ಕೆಳಗೆ ಹಿಡಿಯುವುದರಿಂದ ನಮಗೆ ಕಾಣುವುದು ಅವರ ಮೂಗು ಮತ್ತು ಫ್ಯಾನು.

"ತಾತ, ಅಮ್ಮ ನಂಗೆ ಆ ಹಾರೋ ಟ್ಯಾಕ್ಸಿ ಸಿನಿಮಾ ತೋರ್ಸಿದ್ಲು."

"ಯಾವ್ದು? ಪಾಯಿಂಟ್ ಕಳೀತಾರಲ್ಲ, ಅದಾ?"

"ಹೂಂ, ಅದೇ."

ಫ್ಯಾನು ಸ್ವಲ್ಪ ಹೊತ್ತು ತಿರುಗಿತು.

"ಅಲ್ಲ ಪುಟ್ಟಿ, ಅವತ್ತು ಕರೆಂಟ್ ಹೋಗ್ಬಿಡ್ತು, ಕೊನೆ ನೋಡಕ್ಕಾಗ್ಲಿಲ್ಲ ನಂಗೆ. ಅವ್ನಿಗೆ ಕೆಲ್ಸ ವಾಪಸ್ ಸಿಕ್ತಾ?"

ಮಗಳು ನನ್ನ ಮುಖ ನೋಡಿದಳು. ನಾನು ರಿಮೋಟ್ ಎತ್ತಿಕೊಂಡು ಕೊನೆಯ ದೃಶ್ಯವನ್ನು ಹಿಂದಕ್ಕೆ ಹಾಕಿದೆ.